ವಾಹನ ದುರಸ್ತಿಯಲ್ಲಿ ಬೋಲ್ಟ್ ಮತ್ತು ನಟ್‌ಗಳ ಅಳತೆ ವ್ಯತ್ಯಾಸ

ವಾಹನ ದುರಸ್ತಿಯಲ್ಲಿ ಬೋಲ್ಟ್ ಮತ್ತು ನಟ್‌ಗಳ ಅಳತೆ ವ್ಯತ್ಯಾಸ ಎಂಬುದು, ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಕಾಲಕ್ಕೆ ರೂಪುಗೊಂಡ ಮಾನಕಗಳಿಗೆ ಅನುಗುಣವಾಗಿ ತಯಾರಾದ ಬೋಲ್ಟ್, ನಟ್, ಸ್ಟಡ್ ಮತ್ತು ಸ್ಕ್ರೂಗಳು ಒಂದೇ ಗ್ಯಾರೇಜಿನಲ್ಲಿ, ಕೆಲವೊಮ್ಮೆ ಒಂದೇ ವಾಹನದಲ್ಲಿ ಬೆರೆಯುವುದರಿಂದ ಉಂಟಾಗುವ ತೊಡಕು. ಭಾರತದಲ್ಲಿ ಬ್ರಿಟಿಷ್, ಅಮೆರಿಕನ್, ಜರ್ಮನ್, ಇಟಾಲಿಯನ್ ಮತ್ತು ಜಪಾನಿ ಮೂಲದ ವಾಹನಗಳು ಒಂದರ ಹಿಂದೊಂದರಂತೆ ತಯಾರಾದ ಕಾರಣ ಈ ತೊಡಕು ಇಲ್ಲಿ ವಿಶೇಷವಾಗಿ ಕಂಡುಬರುತ್ತದೆ. ಹೊಂದದ ಸ್ಪ್ಯಾನರ್ ಬಳಸಿದರೆ ಬೋಲ್ಟಿನ ತಲೆ ಸವೆದು ಉರುಟಾಗುತ್ತದೆ. ಹೊಂದದ ಥ್ರೆಡ್ ಬಳಸಿದರೆ ಬಿಗಿಯಾದಂತೆ ತೋರಿದ ಜೋಡಣೆ ಓಡಾಟದಲ್ಲಿ ಬಿಚ್ಚಿಕೊಳ್ಳುತ್ತದೆ. ಚಕ್ರ, ಬ್ರೇಕ್ ಮತ್ತು ಸ್ಟೀರಿಂಗ್ ಭಾಗಗಳಲ್ಲಿ ಇದು ಪ್ರಾಣಾಪಾಯಕ್ಕೆ ಕಾರಣವಾಗಬಲ್ಲದು.

## ಬೋಲ್ಟಿನ ಅಳತೆಗಳು

ಒಂದು ಬೋಲ್ಟನ್ನು ನಿಖರವಾಗಿ ಹೆಸರಿಸಲು ಹಲವು ಅಳತೆಗಳು ಬೇಕು.

* ವ್ಯಾಸ: ಥ್ರೆಡ್‌ನ ಹೊರಮೈಯ ಅಡ್ಡಳತೆ. 'ಎಂ8' ಎಂದರೆ 8 ಮಿ.ಮೀ. ವ್ಯಾಸದ ಮೆಟ್ರಿಕ್ ಬೋಲ್ಟ್.
* ಪಿಚ್: ಥ್ರೆಡ್‌ನ ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಇರುವ ದೂರ. ಮೆಟ್ರಿಕ್ ಪದ್ಧತಿಯಲ್ಲಿ ಇದನ್ನು ಮಿ.ಮೀ.ಗಳಲ್ಲಿಯೂ ಇಂಚಿನ ಪದ್ಧತಿಯಲ್ಲಿ 'ಇಂಚಿಗೆ ಇಷ್ಟು ಸುತ್ತು' ಎಂದೂ ಹೇಳುತ್ತಾರೆ. 25.4 ಅನ್ನು ಇಂಚಿನ ಸುತ್ತುಗಳ ಸಂಖ್ಯೆಯಿಂದ ಭಾಗಿಸಿದರೆ ಮಿ.ಮೀ. ಪಿಚ್ ದೊರೆಯುತ್ತದೆ.
* ಕೋನ: ಥ್ರೆಡ್‌ನ ಎರಡು ಇಳಿಜಾರುಗಳ ನಡುವಿನ ಕೋನ. ಹಳೆಯ ಬ್ರಿಟಿಷ್ ವಿಟ್ವರ್ತ್ ಥ್ರೆಡ್‌ನಲ್ಲಿ ಇದು 55 ಡಿಗ್ರಿ, ಅಮೆರಿಕನ್ ಮತ್ತು ಮೆಟ್ರಿಕ್ ಥ್ರೆಡ್‌ಗಳಲ್ಲಿ 60 ಡಿಗ್ರಿ.
* ತಲೆಯ ಅಳತೆ: ಷಟ್ಕೋನಾಕಾರದ ತಲೆಯ ಎದುರುಬದುರಾದ ಎರಡು ಮುಖಗಳ ನಡುವಿನ ದೂರ. ಸ್ಪ್ಯಾನರಿನ ಮೇಲೆ ಸಾಮಾನ್ಯವಾಗಿ ಮುದ್ರಿತವಾಗಿರುವುದು ಈ ಅಂಕಿ.
* ಬಲದ ದರ್ಜೆ: ಉಕ್ಕು ಎಷ್ಟು ಎಳೆತವನ್ನು ತಾಳಬಲ್ಲದು ಎಂಬುದರ ಸೂಚನೆ. ಇದು ತಲೆಯ ಮೇಲೆ ಮೂಡಿರುತ್ತದೆ.

ದುರಸ್ತಿಯಲ್ಲಿ ಆಗುವ ತಪ್ಪುಗಳಲ್ಲಿ ಬಹುಪಾಲು, ತಲೆಯ ಅಳತೆಯನ್ನೂ ಥ್ರೆಡ್‌ನ ಅಳತೆಯನ್ನೂ ಒಂದೇ ಎಂದು ಭಾವಿಸುವುದರಿಂದ ಆಗುತ್ತವೆ. '12 ನಂಬರ್ ಬೋಲ್ಟ್' ಎಂದು ಅಂಗಡಿಯಲ್ಲಿ ಕೇಳಿದರೆ ಅದು 12 ಮಿ.ಮೀ. ವ್ಯಾಸದ ಬೋಲ್ಟ್ ಆಗಿರಬಹುದು, ಅಥವಾ 12 ಮಿ.ಮೀ. ಸ್ಪ್ಯಾನರ್ ಹಿಡಿಯುವ 8 ಮಿ.ಮೀ. ವ್ಯಾಸದ ಬೋಲ್ಟ್ ಆಗಿರಬಹುದು. ಸ್ಪ್ಯಾನರ್ ಸರಿಯಾಗಿ ಕೂತಿತು ಎಂಬುದರಿಂದ ಥ್ರೆಡ್ ಯಾವುದೆಂದು ತಿಳಿಯುವುದಿಲ್ಲ.

## ಮಾನಕಗಳ ಇತಿಹಾಸ

ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೆ ಪ್ರತಿಯೊಂದು ಕಾರ್ಖಾನೆಯೂ ತನ್ನದೇ ಅಳತೆಯ ಥ್ರೆಡ್ ಕೊರೆಯುತ್ತಿತ್ತು. ಒಂದು ಯಂತ್ರದ ನಟ್ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಇಂಗ್ಲೆಂಡಿನ ಎಂಜಿನಿಯರ್ ಜೋಸೆಫ್ ವಿಟ್ವರ್ತ್ 1841ರಲ್ಲಿ ಎಲ್ಲರಿಗೂ ಒಂದೇ ಬಗೆಯ ಥ್ರೆಡ್ ಇರಬೇಕೆಂದು ಪ್ರತಿಪಾದಿಸಿ 55 ಡಿಗ್ರಿ ಕೋನದ ಪದ್ಧತಿಯನ್ನು ಮುಂದಿಟ್ಟರು. ಅದು ಬ್ರಿಟಿಷ್ ಆಳ್ವಿಕೆಯ ದೇಶಗಳಲ್ಲೆಲ್ಲ ಹರಡಿತು. ಮುಂದೆ ಅದೇ ಕೋನದ, ಸುತ್ತುಗಳು ಹೆಚ್ಚು ಒತ್ತಾಗಿರುವ 'ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್' ಪದ್ಧತಿ ಬಂದಿತು. ಅಮೆರಿಕದಲ್ಲಿ ವಿಲಿಯಂ ಸೆಲ್ಲರ್ಸ್ 1864ರಲ್ಲಿ 60 ಡಿಗ್ರಿ ಕೋನದ ಪದ್ಧತಿಯನ್ನು ಸೂಚಿಸಿದರು. ಯುರೋಪ್ ಖಂಡದಲ್ಲಿ ಮೆಟ್ರಿಕ್ ಥ್ರೆಡ್‌ಗಳು ಬೆಳೆದವು.

ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ ಮತ್ತು ಅಮೆರಿಕಗಳ ಬಿಡಿಭಾಗಗಳು ಒಂದಕ್ಕೊಂದು ಹೊಂದದೆ ತೊಂದರೆಯಾಯಿತು. ಅದರ ಫಲವಾಗಿ 1948ರಲ್ಲಿ ಬ್ರಿಟನ್, ಅಮೆರಿಕ ಮತ್ತು ಕೆನಡಾಗಳು ಸೇರಿ 60 ಡಿಗ್ರಿ ಕೋನದ 'ಯೂನಿಫೈಡ್' ಪದ್ಧತಿಯನ್ನು ಒಪ್ಪಿದವು. ಇದರಲ್ಲಿ ಒರಟು ಥ್ರೆಡ್‌ಗೆ ಯು.ಎನ್.ಸಿ. ಎಂದೂ ನಯವಾದ ಥ್ರೆಡ್‌ಗೆ ಯು.ಎನ್.ಎಫ್. ಎಂದೂ ಹೆಸರು.

ಭಾರತದಲ್ಲಿ 1956ರ ತೂಕ ಮತ್ತು ಅಳತೆಗಳ ಮಾನಕ ಕಾಯ್ದೆಯು ಮೆಟ್ರಿಕ್ ಪದ್ಧತಿಗೆ ದಾರಿ ಮಾಡಿತು. ಆದರೆ ವಿದೇಶಿ ಕಂಪನಿಗಳ ನಕ್ಷೆಯಂತೆ ತಯಾರಾಗುತ್ತಿದ್ದ ವಾಹನಗಳಲ್ಲಿ ಇಂಚಿನ ಅಳತೆಗಳು ಬಹುಕಾಲ ಮುಂದುವರಿದವು. ಬಡಗಿಗಳು ಮತ್ತು ಗ್ಯಾರೇಜಿನವರು ಬಳಸುವ 'ಸೂತು' ಅಥವಾ 'ನೂಲು' ಎಂಬ ಅಳತೆ ಆ ಕಾಲದ ಉಳಿಕೆ. ಒಂದು ಸೂತು ಎಂದರೆ ಇಂಚಿನ ಎಂಟನೆಯ ಒಂದು ಭಾಗ. ನಾಲ್ಕು ಸೂತಿನ ಬೋಲ್ಟ್ ಎಂದರೆ ಅರ್ಧ ಇಂಚಿನ ಬೋಲ್ಟ್.

## ಭಾರತದ ವಾಹನಗಳಲ್ಲಿ

ವಾಹನದ ಮೂಲ ತಿಳಿದರೆ ಅದರ ಬೋಲ್ಟುಗಳ ಪದ್ಧತಿಯನ್ನು ಬಹುಮಟ್ಟಿಗೆ ಊಹಿಸಬಹುದು.

ಇಂಚಿನ ಪದ್ಧತಿ. ಮಹೀಂದ್ರಾ ಸಂಸ್ಥೆ ಅಮೆರಿಕದ ವಿಲ್ಲಿಸ್ ಜೀಪುಗಳನ್ನು 1947ರಿಂದ ಜೋಡಿಸತೊಡಗಿತು. ಹಳೆಯ ಜೀಪುಗಳಲ್ಲಿ ಅಮೆರಿಕನ್ ಇಂಚಿನ ಥ್ರೆಡ್‌ಗಳಿವೆ. ಮದ್ರಾಸಿನಲ್ಲಿ 1955ರಿಂದ ತಯಾರಾದ ಎನ್‌ಫೀಲ್ಡ್ ಬುಲೆಟ್‌ಗಳ ಹಳೆಯ ಮಾದರಿಗಳಲ್ಲಿ ಬ್ರಿಟಿಷ್ ಅಳತೆಗಳಿದ್ದವು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿದ ಅಂಬಾಸಿಡರ್, ಮ್ಯಾಸಿ ಫರ್ಗ್ಯೂಸನ್ ಮೂಲದ ಟ್ರಾಕ್ಟರುಗಳು ಇಂಚಿನ ಅಳತೆಗಳನ್ನೇ ಅನುಸರಿಸಿದವು.

ಯುರೋಪಿನ ಮೆಟ್ರಿಕ್ ಪದ್ಧತಿ. ಟಾಟಾ ಸಂಸ್ಥೆ ಜರ್ಮನಿಯ ಡೈಮ್ಲರ್-ಬೆಂಜ್ ಸಹಯೋಗದಲ್ಲಿ 1954ರಿಂದ ತಯಾರಿಸಿದ ಲಾರಿಗಳು ಮೆಟ್ರಿಕ್ ಅಳತೆಯವು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ದಿ ಬೈಕುಗಳು ಚೆಕೊಸ್ಲೊವಾಕಿಯ ಮೂಲದವಾದ್ದರಿಂದ ಅವೂ ಮೆಟ್ರಿಕ್ ಅಳತೆಯವೇ. ಇಟಲಿಯ ವೆಸ್ಪಾ ವಿನ್ಯಾಸದ ಹಳೆಯ ಸ್ಕೂಟರುಗಳಲ್ಲಿ 7 ಮಿ.ಮೀ. ವ್ಯಾಸದ, 11 ಮಿ.ಮೀ. ಸ್ಪ್ಯಾನರ್ ಹಿಡಿಯುವ ನಟ್‌ಗಳಿವೆ. ಎಂ7 ಇತರ ವಾಹನಗಳಲ್ಲಿ ಅಪರೂಪ. ಆದುದರಿಂದ ಸಾಮಾನ್ಯ ಹಾರ್ಡ್‌ವೇರ್ ಅಂಗಡಿಯಲ್ಲಿ ಅದು ಸುಲಭವಾಗಿ ಸಿಗುವುದಿಲ್ಲ, ಸ್ಕೂಟರ್ ಬಿಡಿಭಾಗಗಳ ಅಂಗಡಿಯಲ್ಲಿ ಕೇಳಬೇಕಾಗುತ್ತದೆ.

ಜಪಾನಿ ಮೆಟ್ರಿಕ್ ಪದ್ಧತಿ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕಾರು, 1980ರ ದಶಕದ ಹೀರೊ ಹೊಂಡಾ ಮತ್ತಿತರ ಜಪಾನಿ ಸಹಯೋಗದ ಬೈಕುಗಳೊಂದಿಗೆ ಈ ಪದ್ಧತಿ ವ್ಯಾಪಕವಾಯಿತು. ಇದರಲ್ಲಿ ಬೋಲ್ಟಿನ ತಲೆ ಯುರೋಪಿನ ಬೋಲ್ಟಿಗಿಂತ ಚಿಕ್ಕದು. 10 ಮಿ.ಮೀ. ವ್ಯಾಸದ ಬೋಲ್ಟುಗಳಲ್ಲಿ 1.5ರ ಬದಲು 1.25 ಪಿಚ್ ಬಳಸುವ ರೂಢಿಯೂ ಇದೆ.

## ಅರಸೀಕೆರೆ ಮತ್ತು ಸುತ್ತಲಿನ ತಾಲ್ಲೂಕುಗಳಲ್ಲಿ

ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯು ಉಚ್ಚಂಗಿದುರ್ಗಕ್ಕೆ ಸಮೀಪವಿರುವ ಹೋಬಳಿ ಕೇಂದ್ರ. ಹಾಸನ ಜಿಲ್ಲೆಯ ಅದೇ ಹೆಸರಿನ ಪಟ್ಟಣ ಬೇರೆ. ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಮತ್ತು ಹಡಗಲಿ ತಾಲ್ಲೂಕುಗಳು ಬಹುಮಟ್ಟಿಗೆ ಮಳೆಯಾಶ್ರಿತ ಬೇಸಾಯದ ಪ್ರದೇಶಗಳು. ಮೆಕ್ಕೆಜೋಳ, ಜೋಳ, ಶೇಂಗಾ ಇಲ್ಲಿನ ಬೆಳೆಗಳಲ್ಲಿ ಮುಖ್ಯವಾದವು. ಜಿಲ್ಲಾ ಕೇಂದ್ರ ಹೊಸಪೇಟೆ ಮತ್ತು ಅದರಾಚೆಯ ಸಂಡೂರಿನ ಕಡೆ ಕಬ್ಬಿಣದ ಅದಿರು ಸಾಗಿಸುವ ಲಾರಿಗಳ ಓಡಾಟವಿದೆ.

ಇಂತಹ ಊರುಗಳ ಗ್ಯಾರೇಜು ಒಂದು ಬಗೆಯ ವಾಹನವನ್ನೇ ನೆಚ್ಚಿ ನಡೆಯಲಾರದು. ಬೆಳಿಗ್ಗೆ ಇಂಚಿನ ಅಳತೆಯ ಹಳೆಯ ಟ್ರಾಕ್ಟರ್, ಮಧ್ಯಾಹ್ನ ಜಪಾನಿ ಮೂಲದ ಬೈಕು, ಸಂಜೆ ಟಾಟಾ ಲಾರಿ ಬರಬಹುದು. ಟ್ರಾಕ್ಟರಿಗೆ ಹೂಡುವ ಕುಂಟೆ, ಕೂರಿಗೆ, ಟ್ರೈಲರ್, ಒಕ್ಕಣೆ ಯಂತ್ರಗಳು ಸ್ಥಳೀಯ ವೆಲ್ಡಿಂಗ್ ಅಂಗಡಿಗಳಲ್ಲಿ ತಯಾರಾದರೆ, ಆ ದಿನ ದೊರೆತ ಬೋಲ್ಟುಗಳೇ ಅವುಗಳಲ್ಲಿ ಸೇರುತ್ತವೆ. ಹೀಗೆ ಟ್ರಾಕ್ಟರ್ ಒಂದು ಪದ್ಧತಿಯದಾಗಿದ್ದು ಅದರ ಹಿಂದಿನ ಸಲಕರಣೆ ಇನ್ನೊಂದು ಪದ್ಧತಿಯದಾಗಿರುವುದು ಸಾಮಾನ್ಯ.

ಮುಂಗಾರಿನಲ್ಲಿ ಹದ ಮಳೆ ಬಿದ್ದ ಮೇಲೆ ಬಿತ್ತನೆಗೆ ದೊರೆಯುವ ದಿನಗಳು ಕೆಲವೇ. ಆಗ ಒಂದು ಬೋಲ್ಟ್ ಮುರಿದು ಟ್ರಾಕ್ಟರ್ ನಿಂತರೆ, ಸರಿಯಾದ ಬೋಲ್ಟಿಗಾಗಿ ಹರಪನಹಳ್ಳಿಗೋ ದಾವಣಗೆರೆಗೋ ಹೋಗಿಬರುವಷ್ಟರಲ್ಲಿ ಹೊಲದ ತೇವ ಆರಿಹೋಗಬಹುದು. ಹತ್ತಿರದ ಅಳತೆಯ ಬೋಲ್ಟನ್ನು ಬಲವಂತವಾಗಿ ತಿರುಗಿಸಿ ಕೆಲಸ ಮುಗಿಸುವ ಒತ್ತಡ ಹುಟ್ಟುವುದು ಈ ಕಾರಣದಿಂದ. ಆದರೆ ಎರಕದ ಗೇರ್ ಪೆಟ್ಟಿಗೆಯ ಥ್ರೆಡ್ ಒಮ್ಮೆ ಕೆಟ್ಟರೆ, ಒಂದು ದಿನದ ಕೆಲಸಕ್ಕೆ ಬದಲಾಗಿ ಇಡೀ ಹಂಗಾಮಿನ ಕೆಲಸ ನಿಲ್ಲಬಹುದು.

ಅಂಗಡಿಯಲ್ಲಿ ದೊರೆಯದ ಬೋಲ್ಟುಗಳನ್ನು ಲೇತ್ ಯಂತ್ರದಲ್ಲಿ ತಿರುವಿ ಮಾಡಿಸುವುದು ಮತ್ತೊಂದು ದಾರಿ. ಸಮೀಪದ ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್‌ಗಳ ತಯಾರಿಕೆಗೆ ಹೆಸರಾಗಿತ್ತು. ಇಂಚಿನ ಅಳತೆಯ ಲೇತ್‌ನಲ್ಲಿ ಮೆಟ್ರಿಕ್ ಥ್ರೆಡ್ ಕೊರೆಯಲು 127 ಹಲ್ಲುಗಳ ಗೇರ್ ಬಳಸುತ್ತಾರೆ. ಐದು ಇಂಚು ಎಂದರೆ ಸರಿಯಾಗಿ 127 ಮಿ.ಮೀ. ಆಗುವುದರಿಂದ ಆ ಒಂದು ಗೇರ್ ಎರಡು ಪದ್ಧತಿಗಳ ನಡುವೆ ಸೇತುವೆಯಾಗುತ್ತದೆ. ಆದರೆ ಸಾಮಾನ್ಯ ಮೆದು ಉಕ್ಕಿನ ಸರಳಿನಿಂದ ತಿರುವಿದ ಬೋಲ್ಟ್, ಕಾರ್ಖಾನೆಯ ಬಲವರ್ಧಿತ ಬೋಲ್ಟಿಗೆ ಸಮವಲ್ಲ.

## ಸ್ಪ್ಯಾನರ್ ಅಳತೆಗಳ ಹೋಲಿಕೆ

ಉತ್ತರ ಕರ್ನಾಟಕದ ಗ್ಯಾರೇಜುಗಳಲ್ಲಿ ಸ್ಪ್ಯಾನರನ್ನು 'ಪಾನಾ' ಎಂದೂ ಕರೆಯುತ್ತಾರೆ. ಮೆಟ್ರಿಕ್ ಬೋಲ್ಟುಗಳಿಗೆ ಬೇಕಾಗುವ ಸ್ಪ್ಯಾನರ್ ಅಳತೆಗಳು ಹೀಗಿವೆ:

| ಬೋಲ್ಟಿನ ವ್ಯಾಸ | ಹಳೆಯ ಜರ್ಮನ್ ಮಾನಕ | ಅಂತರರಾಷ್ಟ್ರೀಯ ಮಾನಕ | ಜಪಾನಿ ವಾಹನಗಳು |
|---|---|---|---|
| ಎಂ6 | 10 ಮಿ.ಮೀ. | 10 ಮಿ.ಮೀ. | 10 ಅಥವಾ 8 ಮಿ.ಮೀ. |
| ಎಂ8 | 13 ಮಿ.ಮೀ. | 13 ಮಿ.ಮೀ. | 12 ಮಿ.ಮೀ. |
| ಎಂ10 | 17 ಮಿ.ಮೀ. | 16 ಮಿ.ಮೀ. | 14 ಮಿ.ಮೀ. |
| ಎಂ12 | 19 ಮಿ.ಮೀ. | 18 ಮಿ.ಮೀ. | 17 ಮಿ.ಮೀ. |

ಯೂನಿಫೈಡ್ ಪದ್ಧತಿಯಲ್ಲಿ ಸ್ಪ್ಯಾನರಿನ ಮೇಲಿನ ಅಂಕಿ ತಲೆಯ ಅಗಲವನ್ನು ಸೂಚಿಸುತ್ತದೆ:

| ಸ್ಪ್ಯಾನರ್ | ಮಿ.ಮೀ.ಗಳಲ್ಲಿ | ಸಾಮಾನ್ಯವಾಗಿ ಹಿಡಿಯುವ ಬೋಲ್ಟ್ |
|---|---|---|
| 7/16 ಇಂಚು | 11.11 | 1/4 ಇಂಚು |
| 1/2 ಇಂಚು | 12.70 | 5/16 ಇಂಚು |
| 9/16 ಇಂಚು | 14.29 | 3/8 ಇಂಚು |
| 3/4 ಇಂಚು | 19.05 | 1/2 ಇಂಚು |

ವಿಟ್ವರ್ತ್ ಸ್ಪ್ಯಾನರಿನ ಮೇಲಿನ ಅಂಕಿಯಾದರೋ ತಲೆಯ ಅಗಲವಲ್ಲ, ಬೋಲ್ಟಿನ ವ್ಯಾಸ. ಆದುದರಿಂದ '1/4' ಎಂದು ಬರೆದ ವಿಟ್ವರ್ತ್ ಸ್ಪ್ಯಾನರಿನ ಬಾಯಿ ಸುಮಾರು 13.3 ಮಿ.ಮೀ., '3/8' ಎಂದು ಬರೆದುದು ಸುಮಾರು 18 ಮಿ.ಮೀ. ಅಗಲವಿರುತ್ತದೆ.

ಕೆಲವು ಜೋಡಿಗಳು ನಿಜವಾಗಿಯೂ ಹತ್ತಿರವಾದವು. 19 ಮಿ.ಮೀ. ಸ್ಪ್ಯಾನರ್ 3/4 ಇಂಚಿನ ತಲೆಗೂ, 16 ಮಿ.ಮೀ. ಸ್ಪ್ಯಾನರ್ 5/8 ಇಂಚಿನ (15.88 ಮಿ.ಮೀ.) ತಲೆಗೂ ಸಾಮಾನ್ಯವಾಗಿ ಹೊಂದುತ್ತವೆ. 1/2 ಇಂಚಿನ ತಲೆಗೆ 13 ಮಿ.ಮೀ. ಸ್ಪ್ಯಾನರ್ ಹಾಕಿದರೆ 0.3 ಮಿ.ಮೀ. ಸಡಿಲವಿರುತ್ತದೆ. ಸುಲಭವಾಗಿ ಬಿಚ್ಚುವ ನಟ್‌ಗೆ ಅದು ಸಾಕಾಗಬಹುದು, ತುಕ್ಕು ಹಿಡಿದ ನಟ್‌ನಲ್ಲಿ ಮೂಲೆಗಳು ಜಾರಿಹೋಗುತ್ತವೆ. 9/16 ಇಂಚಿನ ತಲೆಗೆ 14 ಮಿ.ಮೀ. ಸ್ಪ್ಯಾನರ್ ಹೋಗುವುದಿಲ್ಲ, 15 ಮಿ.ಮೀ. ಸ್ಪ್ಯಾನರ್ ನಿಲ್ಲುವುದಿಲ್ಲ. ಅದಕ್ಕೆ ಇಂಚಿನ ಸ್ಪ್ಯಾನರೇ ಬೇಕು.

## ಥ್ರೆಡ್ ಗುರುತಿಸುವ ಕ್ರಮ

1. ವಾಹನದ ಮೂಲ ಮತ್ತು ತಯಾರಿಕೆಯ ಕಾಲದಿಂದ ಪದ್ಧತಿಯನ್ನು ಊಹಿಸಬೇಕು. ಹಿಂದೆ ದುರಸ್ತಿಯಾದ ವಾಹನದಲ್ಲಿ ಬೋಲ್ಟ್ ಬದಲಾಗಿರುವ ಸಾಧ್ಯತೆ ಇರುವುದರಿಂದ ಊಹೆಯನ್ನೇ ಅಂತಿಮವೆಂದು ತಿಳಿಯಬಾರದು.
2. ಥ್ರೆಡ್ಡಿಗೆ ಅಂಟಿದ ಮಣ್ಣು, ಗ್ರೀಸ್, ತುಕ್ಕನ್ನು ತಂತಿ ಬ್ರಷ್‌ನಿಂದ ತೆಗೆಯಬೇಕು.
3. ವರ್ನಿಯರ್ ಕ್ಯಾಲಿಪರ್‌ನಿಂದ ಹೊರವ್ಯಾಸ ಅಳೆಯಬೇಕು. ಅಳತೆ ಹೆಸರಿನ ಅಂಕಿಗಿಂತ ತುಸು ಕಡಿಮೆ ಬರುವುದು ಸಹಜ. ಎಂ8 ಬೋಲ್ಟ್ ಸುಮಾರು 7.9 ಮಿ.ಮೀ. ತೋರಿಸಬಹುದು.
4. ಪಿಚ್ ಗೇಜ್ ಇಟ್ಟು ಬೆಳಕಿಗೆ ಹಿಡಿದು ನೋಡಬೇಕು. ಗೇಜ್ ಇಲ್ಲದಿದ್ದರೆ ಹತ್ತು ಸುತ್ತುಗಳ ಉದ್ದವನ್ನು ಅಳೆದು ಹತ್ತರಿಂದ ಭಾಗಿಸಬೇಕು. ಅಳತೆ ಗೊತ್ತಿರುವ ಬೋಲ್ಟಿನ ಥ್ರೆಡ್ಡನ್ನು ಇದರ ಥ್ರೆಡ್ಡಿಗೆ ಒತ್ತಿ ಹಿಡಿದಾಗ, ಉದ್ದಕ್ಕೂ ಬೆಳಕು ತೋರದಂತೆ ಕೂತರೆ ಎರಡೂ ಒಂದೇ ಪಿಚ್‌ನವು.
5. ಕೊನೆಗೆ, ಅಳತೆ ಖಚಿತವಾಗಿರುವ ನಟ್‌ ಅನ್ನು ಬೆರಳುಗಳಿಂದಲೇ ತಿರುಗಿಸಿ ನೋಡಬೇಕು. ಐದಾರು ಸುತ್ತು ಅಲುಗಾಟವಿಲ್ಲದೆ, ತಡೆಯಿಲ್ಲದೆ ಹೋದರೆ ಮಾತ್ರ ಹೊಂದಿಕೆಯಾಯಿತೆಂದು ತಿಳಿಯಬಹುದು.

ವ್ಯಾಸ ಮಾತ್ರ ನೋಡಿದರೆ ಮೋಸವಾಗುವುದು ಏಕೆಂಬುದಕ್ಕೆ ಎಂ8 ಮತ್ತು 5/16 ಇಂಚಿನ ಬೋಲ್ಟುಗಳು ಉತ್ತಮ ಉದಾಹರಣೆ. 5/16 ಇಂಚು ಎಂದರೆ 7.94 ಮಿ.ಮೀ., ಎಂ8ಕ್ಕೂ ಅದಕ್ಕೂ ಕಣ್ಣಿಗೆ ಭೇದವಿಲ್ಲ. ಆದರೆ ಎಂ8ರ ಪಿಚ್ 1.25 ಮಿ.ಮೀ. ಆಗಿದ್ದರೆ, ಇಂಚಿಗೆ 18 ಸುತ್ತಿನ 5/16 ಯು.ಎನ್.ಸಿ. ಬೋಲ್ಟಿನ ಪಿಚ್ 1.41 ಮಿ.ಮೀ. ಮೊದಲ ಒಂದೆರಡು ಸುತ್ತು ಸಲೀಸಾಗಿ ಹೋಗಿ ಅನಂತರ ಬಿಗಿಯುತ್ತದೆ. ಆ ಬಿಗಿತವನ್ನು ತುಕ್ಕೆಂದು ಭಾವಿಸಿ ಸ್ಪ್ಯಾನರಿನಿಂದ ಒತ್ತಿದರೆ ಎರಡೂ ಥ್ರೆಡ್‌ಗಳು ಹಾಳಾಗುತ್ತವೆ. ಅರ್ಧ ಇಂಚಿನ ಬೋಲ್ಟಿನಲ್ಲಿ ವಿಟ್ವರ್ತ್‌ಗೆ ಇಂಚಿಗೆ 12 ಸುತ್ತು, ಯು.ಎನ್.ಸಿ.ಗೆ 13 ಸುತ್ತು ಇರುವುದರಿಂದ ಅಲ್ಲಿಯೂ ಇದೇ ತಪ್ಪು ಸಂಭವಿಸುತ್ತದೆ.

ಪಿಚ್ ಗೇಜ್ ಇಲ್ಲದ ಗ್ಯಾರೇಜಿನಲ್ಲಿ, ಅಳತೆ ಖಚಿತವಾಗಿರುವ ಹೊಸ ನಟ್ ಮತ್ತು ಬೋಲ್ಟುಗಳನ್ನು ಹೆಸರು ಬರೆದು ತಂತಿಗೆ ಪೋಣಿಸಿ ತೂಗುಹಾಕಿಕೊಳ್ಳುವುದು ಕಡಿಮೆ ಖರ್ಚಿನ ಉಪಾಯ.

ಕೆಲವು ಥ್ರೆಡ್‌ಗಳು ಎಡಸುತ್ತಿನವು. ಹಳೆಯ ವಿಲ್ಲಿಸ್ ಜೀಪುಗಳ ಎಡಬದಿಯ ಚಕ್ರದ ನಟ್‌ಗಳು ಮತ್ತು ಸೈಕಲ್ಲಿನ ಎಡ ಪೆಡಲು ಇದಕ್ಕೆ ಉದಾಹರಣೆ. ಇವು ಬಲಕ್ಕೆ ತಿರುಗಿಸಿದಾಗ ಬಿಚ್ಚಿಕೊಳ್ಳುತ್ತವೆ. ಬಿಚ್ಚದ ನಟ್ ಮೇಲೆ ಉದ್ದನೆಯ ಪೈಪ್ ಹಾಕಿ ಬಲ ಪ್ರಯೋಗಿಸುವ ಮೊದಲು ಇದನ್ನು ಪರಿಶೀಲಿಸಬೇಕು.

## ಬಿಗಿದ ಅಥವಾ ತಲೆ ಸವೆದ ಬೋಲ್ಟ್ ಬಿಚ್ಚುವುದು

ಎರಡು ಮುಖ ಮಾತ್ರ ಹಿಡಿಯುವ ಬಾಯಿ ಸ್ಪ್ಯಾನರಿಗಿಂತ ಸುತ್ತಲೂ ಹಿಡಿಯುವ ರಿಂಗ್ ಸ್ಪ್ಯಾನರ್ ಅಥವಾ ಸಾಕೆಟ್ ಉತ್ತಮ. ಅವುಗಳಲ್ಲಿಯೂ ಹನ್ನೆರಡು ಮೂಲೆಯದಕ್ಕಿಂತ ಆರು ಮೂಲೆಯದು ಸವೆದ ತಲೆಯನ್ನು ಭದ್ರವಾಗಿ ಹಿಡಿಯುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಸಾಕಷ್ಟು ಕಾಲ ಬಿಟ್ಟು, ತಲೆಯ ಮೇಲೆ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರೆ ಎಣ್ಣೆ ಒಳಗಿಳಿಯುತ್ತದೆ. ಅನಂತರ ತುಸು ಬಿಗಿಮಾಡಿ, ತುಸು ಸಡಿಲಿಸಿ, ಹಿಂದೆ ಮುಂದೆ ತಿರುಗಿಸುತ್ತ ಬಿಚ್ಚಬೇಕು. ನಟ್‌ ಅನ್ನು ಬಿಸಿ ಮಾಡುವುದೂ ಪರಿಣಾಮಕಾರಿ. ಆದರೆ ಇಂಧನದ ಟ್ಯಾಂಕ್, ಬ್ರೇಕ್ ಕೊಳವೆ, ಬ್ಯಾಟರಿ ಮತ್ತು ರಬ್ಬರ್ ಭಾಗಗಳ ಬಳಿ ಬೆಂಕಿ ಬಳಸಬಾರದು.

ತಲೆ ಪೂರ್ತಿ ಉರುಟಾಗಿದ್ದರೆ ಅದರ ಮೇಲೆ ಇನ್ನೊಂದು ನಟ್ ಇಟ್ಟು ಒಳಗಿನಿಂದ ವೆಲ್ಡ್ ಮಾಡಿ ತಿರುಗಿಸುವುದು ರೂಢಿ. ವೆಲ್ಡಿಂಗಿಗೆ ಮೊದಲು ವಾಹನದ ಬ್ಯಾಟರಿಯ ಸಂಪರ್ಕ ತಪ್ಪಿಸಬೇಕು.

## ಹಾಳಾದ ಥ್ರೆಡ್ ಸರಿಪಡಿಸುವುದು

ಮೇಲ್ಮೈ ಮಾತ್ರ ಜಜ್ಜಿಹೋಗಿದ್ದರೆ ಅದೇ ಅಳತೆಯ ಟ್ಯಾಪ್ ಅಥವಾ ಡೈ ಓಡಿಸಿ ಸರಿಪಡಿಸಬಹುದು. ಇಲ್ಲಿ ಅಳತೆ ತಪ್ಪಿದರೆ ಉಳಿದ ಥ್ರೆಡ್ಡೂ ಹೋಗುತ್ತದೆ. ಥ್ರೆಡ್ ಪೂರ್ತಿ ಕಿತ್ತುಹೋಗಿದ್ದರೆ ಎರಡು ಮಾರ್ಗಗಳಿವೆ. ರಂಧ್ರವನ್ನು ದೊಡ್ಡದು ಮಾಡಿ ಮುಂದಿನ ಅಳತೆಯ ಥ್ರೆಡ್ ಕೊರೆಯುವುದು ಮೊದಲನೆಯದು. ದೊಡ್ಡ ರಂಧ್ರದೊಳಗೆ ಉಕ್ಕಿನ ಸುರುಳಿಯನ್ನು ಕೂರಿಸಿ ಮೂಲ ಅಳತೆಯನ್ನೇ ಮರಳಿ ಪಡೆಯುವುದು ಎರಡನೆಯದು. ಮುಂದಿನ ಮೆಕ್ಯಾನಿಕ್‌ಗೆ ಮತ್ತೊಂದು ಬೆಸ ಅಳತೆಯನ್ನು ಬಿಟ್ಟುಹೋಗುವುದಿಲ್ಲವಾದ್ದರಿಂದ ಎರಡನೆಯದೇ ಮೇಲು.

ಮೆಟ್ರಿಕ್ ಥ್ರೆಡ್‌ಗೆ ಮೊದಲು ಕೊರೆಯಬೇಕಾದ ರಂಧ್ರದ ಅಳತೆ, ವ್ಯಾಸದಿಂದ ಪಿಚ್ ಕಳೆದಷ್ಟು. ಎಂ6ಕ್ಕೆ (ಪಿಚ್ 1) 5 ಮಿ.ಮೀ., ಎಂ8ಕ್ಕೆ (ಪಿಚ್ 1.25) ಸುಮಾರು 6.8 ಮಿ.ಮೀ., ಎಂ10ಕ್ಕೆ (ಪಿಚ್ 1.5) 8.5 ಮಿ.ಮೀ. ಡ್ರಿಲ್ ಬೇಕಾಗುತ್ತದೆ. ಉಕ್ಕಿನಲ್ಲಿ ಬೋಲ್ಟ್ ಕನಿಷ್ಠ ತನ್ನ ವ್ಯಾಸದಷ್ಟು ಆಳಕ್ಕೆ ಇಳಿಯಬೇಕು. ಅಲ್ಯೂಮಿನಿಯಂ ಮೆದುವಾದುದರಿಂದ ಅದರಲ್ಲಿ ವ್ಯಾಸದ ಒಂದೂವರೆಯಿಂದ ಎರಡು ಪಟ್ಟು ಆಳ ಬೇಕು.

## ಬಲದ ದರ್ಜೆ

ಅಳತೆ ಹೊಂದಿದರೂ ಬಲ ಹೊಂದದಿದ್ದರೆ ಬೋಲ್ಟ್ ಮುರಿಯುತ್ತದೆ. ಮೆಟ್ರಿಕ್ ಬೋಲ್ಟಿನ ತಲೆಯ ಮೇಲಿನ '8.8' ಎಂಬ ಗುರುತಿನಲ್ಲಿ ಮೊದಲ ಅಂಕಿಯು ಉಕ್ಕಿನ ಎಳೆತದ ಬಲ ಪ್ರತಿ ಚದರ ಮಿ.ಮೀ.ಗೆ 800 ನ್ಯೂಟನ್ ಎಂದು ತಿಳಿಸುತ್ತದೆ. ಎರಡನೆಯ ಅಂಕಿಯು ಅದರ ಶೇ. 80ರಷ್ಟು ಎಳೆತದವರೆಗೆ ಬೋಲ್ಟ್ ಶಾಶ್ವತವಾಗಿ ಹಿಗ್ಗುವುದಿಲ್ಲ ಎಂಬುದನ್ನು ಸೂಚಿಸುತ್ತದೆ. '10.9' ಇದಕ್ಕಿಂತ ಬಲವಾದುದು. ಅಮೆರಿಕನ್ ಇಂಚಿನ ಬೋಲ್ಟುಗಳಲ್ಲಿ ಗೆರೆಗಳ ಗುರುತಿದ್ದು, ಮೂರು ಗೆರೆ 5ನೆಯ ದರ್ಜೆಯನ್ನೂ ಆರು ಗೆರೆ 8ನೆಯ ದರ್ಜೆಯನ್ನೂ ಸೂಚಿಸುತ್ತವೆ. ಗುರುತಿಲ್ಲದ ಬೋಲ್ಟನ್ನು ಸಾಧಾರಣ ಬಲದ್ದೆಂದೇ ಪರಿಗಣಿಸಬೇಕು.

## ಸುರಕ್ಷತೆ

ಎರಡು ಸ್ಥಳಗಳಲ್ಲಿ ಹತ್ತಿರದ ಅಳತೆಯನ್ನು ಬಳಸುವುದು ವಿಶೇಷವಾಗಿ ಅಪಾಯಕರ.

ಮೊದಲನೆಯದು ಚಕ್ರದ ನಟ್. ಸುಜುಕಿ ಮೂಲದ ಕಾರುಗಳಲ್ಲಿ 12 ಮಿ.ಮೀ. ಸ್ಟಡ್‌ನ ಪಿಚ್ ಸಾಮಾನ್ಯವಾಗಿ 1.25 ಆಗಿದ್ದರೆ, ಟೊಯೊಟಾ ಮತ್ತು ಹ್ಯುಂಡೈ ಕಾರುಗಳಲ್ಲಿ 1.5 ಇರುತ್ತದೆ. ಒಂದರ ನಟ್‌ ಅನ್ನು ಇನ್ನೊಂದಕ್ಕೆ ಬಲವಂತವಾಗಿ ತಿರುಗಿಸಿದರೆ ಬಿಗಿಯಾದಂತೆ ತೋರಿದರೂ ಚಕ್ರದ ಮೇಲೆ ಒತ್ತಡ ಬಿದ್ದಿರುವುದಿಲ್ಲ. ಓಡಾಟದಲ್ಲಿ ನಟ್ ಸಡಿಲಗೊಂಡು ಚಕ್ರ ಕಳಚಬಹುದು.

ಎರಡನೆಯದು ಬ್ರೇಕ್ ಕೊಳವೆಯ ಜೋಡಣೆ. ಇಂಚಿಗೆ 24 ಸುತ್ತಿನ 3/8 ಇಂಚಿನ ನಟ್‌ನ ವ್ಯಾಸ 9.53 ಮಿ.ಮೀ., ಪಿಚ್ 1.06 ಮಿ.ಮೀ. ಇದು 10 ಮಿ.ಮೀ. ವ್ಯಾಸದ, 1 ಮಿ.ಮೀ. ಪಿಚ್‌ನ ಮೆಟ್ರಿಕ್ ರಂಧ್ರದೊಳಗೆ ತಡೆಯಿಲ್ಲದೆ ಇಳಿಯಬಲ್ಲದು. ಆದರೆ ಥ್ರೆಡ್‌ಗಳ ತುದಿಗಳಷ್ಟೇ ಒಂದನ್ನೊಂದು ಹಿಡಿದಿರುವುದರಿಂದ, ಬ್ರೇಕ್ ಬಲವಾಗಿ ಒತ್ತಿದ ಕ್ಷಣದಲ್ಲಿ ಜೋಡಣೆ ಕಿತ್ತುಬರಬಹುದು. ಸಲೀಸಾಗಿ ತಿರುಗುವುದೊಂದೇ ಹೊಂದಿಕೆಗೆ ಸಾಕ್ಷಿಯಲ್ಲ, ಅಲುಗಾಟವೂ ಇರಬಾರದು ಎಂಬುದಕ್ಕೆ ಇದು ನಿದರ್ಶನ.

ಚಕ್ರ, ಬ್ರೇಕ್, ಸ್ಟೀರಿಂಗ್, ಸಸ್ಪೆನ್ಷನ್ ಮತ್ತು ಟ್ರೈಲರಿನ ಕೊಂಡಿಗಳಲ್ಲಿ ಮೂಲ ಅಳತೆಯ, ಮೂಲ ದರ್ಜೆಯ ಬೋಲ್ಟ್ ದೊರೆಯುವವರೆಗೆ ವಾಹನವನ್ನು ಓಡಿಸದಿರುವುದೇ ಸರಿಯಾದ ಕ್ರಮ. ಮಡ್‌ಗಾರ್ಡ್, ನಂಬರ್ ಪ್ಲೇಟ್, ಸೀಟಿನ ಹೊದಿಕೆ ಮುಂತಾದ ಭಾರ ಬೀಳದ ಭಾಗಗಳಲ್ಲಿ ತಾತ್ಕಾಲಿಕವಾಗಿ ಬೇರೆ ಅಳತೆಯ ಬೋಲ್ಟನ್ನು ಅದರದೇ ನಟ್‌ನೊಂದಿಗೆ ಬಳಸಬಹುದು. ಹಾಗೆ ಬಳಸಿದಾಗ ಅದನ್ನು ಬಣ್ಣದಿಂದ ಗುರುತಿಸಿದರೆ ಮುಂದೆ ದುರಸ್ತಿ ಮಾಡುವವರಿಗೆ ಗೊಂದಲವಾಗುವುದಿಲ್ಲ.